ಕಾಪುವಿನ ಮನೆಗೆ ಹೋದರೆ ಪಾಲು ಕೇಳಿದ ಹಾಗಾಗುತ್ತದಾ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ, ಅಳಿಯಕಟ್ಟಿನವರು, ಅಂದರೆ ತಾಯಿಯ ಕಡೆಯಿಂದ ಕುಟುಂಬ ಎಣಿಸುವವರು. ಅಪ್ಪನಿಗೆ 74 ವರ್ಷ. ಕಾಪು ಹತ್ತಿರದ ಕುಟುಂಬದ ಮನೆಯಲ್ಲಿ ಹುಟ್ಟಿದವರು. ಹರೆಯದಲ್ಲಿ ಪಾಲಿನ ವಿಷಯಕ್ಕೆ ಸೋದರಮಾವನ ಹತ್ತಿರ ಜಗಳ ಮಾಡಿ ಮುಂಬಯಿ ಬಸ್ಸು ಹತ್ತಿದರು, ಮತ್ತೆ ಆ ಮನೆಗೆ ಹೋಗಿಲ್ಲ. ಅಲ್ಲಿ ಈಗ ಯಾರಿದ್ದಾರೋ ಗೊತ್ತಿಲ್ಲ. ಈ ಡಿಸೆಂಬರಿನಲ್ಲಿ ಮಲ್ಪೆ, ಕೃಷ್ಣಮಠ, ಸೇಂಟ್ ಮೇರೀಸ್ ದ್ವೀಪ ನೋಡಲು ಎಂಟು ಜನ ಹೊರಟಿದ್ದೇವೆ. ಅಪ್ಪ 'ಮನೆ ನೋಡಬೇಕು, ನಾಗಬನಕ್ಕೆ (ಕುಟುಂಬದ ನಾಗನ ಕಲ್ಲಿರುವ ಮರಗಳ ತೋಪು) ಕೈಮುಗಿಯಬೇಕು' ಅಂತ ಹಟ ಹಿಡಿದಿದ್ದಾರೆ. ಅಣ್ಣ 'ಪಾಲು ಕೇಳಲು ಬಂದರು ಅಂತಾರೆ, ಸುಮ್ನೆ ಬೀಚ್ ನೋಡಿ ಬರೋಣ' ಅಂತಾನೆ. ಅಮ್ಮ ಮುಲ್ಕಿಯವರು, ಏನೂ ಹೇಳುವುದಿಲ್ಲ. ನಾನು ಯಾರ ಮಾತು ಕೇಳಲಿ?

ಉತ್ತರ: ಅಣ್ಣನ ಹೆದರಿಕೆ ಸುಳ್ಳಲ್ಲ. ಹಳೆ ಮನೆಯ ಅಂಗಳಕ್ಕೆ ಮುಂಬಯಿಯವರ ಕಾರು ಬಂದು ನಿಂತರೆ ಒಳಗಿದ್ದವರಿಗೆ ಮೊದಲು ನೆನಪಾಗುವುದು ಪಹಣಿ, ಆಮೇಲೆ ಚಹಾ. ಆದರೂ ಅಪ್ಪ ಹೋಗಲಿ ಅಂತಲೇ ನಾನು ಹೇಳುತ್ತೇನೆ. ಹೋಗುವ ರೀತಿ ಸರಿ ಇರಬೇಕು, ಅಷ್ಟೇ.

ಮೊದಲು ಅಪ್ಪನನ್ನು ಕೂರಿಸಿ ಕೇಳಿ: ಪಾಲಿನ ಆಸೆ ಇನ್ನೂ ಇದೆಯಾ? ಇದ್ದರೆ ಅದರಲ್ಲಿ ನಾಚಿಕೆ ಏನಿಲ್ಲ, ವಕೀಲರನ್ನು ನೋಡಲಿ. 1949ರ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, 1974ರ ಭೂಸುಧಾರಣೆ, ಇಷ್ಟೆಲ್ಲ ದಾಟಿ ಬಂದ ಜಾಗ ಅದು. ಗೇಣಿಯವರಿಗೆ ಹೋದದ್ದೆಷ್ಟು, ಉಳಿದದ್ದೆಷ್ಟು ಅಂತ ಚಾವಡಿಯಲ್ಲಿ ಕೂತು ಬಗೆಹರಿಯುವುದಿಲ್ಲ. ಕೈಮುಗಿಯುವ ನೆಪದಲ್ಲಿ ಜಾಗದ ಮಾತು ತೆಗೆಯುವುದಾದರೆ ಹೋಗುವುದೇ ಬೇಡ. ಆಸೆ ಇಲ್ಲದಿದ್ದರೆ ಅದನ್ನು ಅವರೇ ಬಾಯಿಬಿಟ್ಟು ಹೇಳಲಿ. ಹೋಗುವ ಮೊದಲೇ, ಫೋನಿನಲ್ಲಿ.

ಹುಡುಕುವಾಗ ಸರ್‌ನೇಮ್ ಹೇಳಿದರೆ ಪ್ರಯೋಜನವಿಲ್ಲ, ಅರ್ಧ ಊರಿಗೆ ಅದೇ ಇರುತ್ತದೆ. ಮನೆಯ ಹೆಸರು, 'ಬರಿ'ಯ (ತಾಯಿಯ ಕಡೆಯಿಂದ ಬರುವ ಗೋತ್ರದಂಥದ್ದು) ಹೆಸರು, ಅಪ್ಪನ ಅಮ್ಮನ ಹೆಸರು ಹೇಳಿ. ಅಜ್ಜನ ಹೆಸರು ಹಿಡಿದು ಹೊರಟರೆ ಬೇರೆಯೇ ಮನೆಗೆ ಮುಟ್ಟುತ್ತೀರಿ. ಅಳಿಯಕಟ್ಟಿನಲ್ಲಿ ಮಕ್ಕಳು ತಾಯಿಯ ಕುಟುಂಬದವರು, ಅಲ್ವಾ? ಹಳೆ ಕಾಗದದಲ್ಲಿ 'ಉಡುಪಿ ತಾಲೂಕು, ದಕ್ಷಿಣ ಕನ್ನಡ' ಅಂತಿದ್ದರೆ ಗೊಂದಲ ಬೇಡ. ಉಡುಪಿ ಬೇರೆ ಜಿಲ್ಲೆ ಆದದ್ದು 1997ರಲ್ಲಿ, ಈಗ ಕಾಪುವೇ ಒಂದು ತಾಲೂಕು. ಬನದಲ್ಲಿ ತಂಬಿಲ (ನಾಗನ ಪೂಜೆ) ಮಾಡುವ ಭಟ್ರು ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ. ಯಾವ ಮನೆಯಲ್ಲಿ ಯಾರು ಉಳಿದಿದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ.

ಫೋನಿನಲ್ಲಿ 'ಬರಬೇಡಿ' ಅಂದರೆ ವಾದ ಬೇಡ. ಬನಕ್ಕೆ ಕೈಮುಗಿಯಲು ಬಿಡಿ ಅಂತ ಮಾತ್ರ ಕೇಳಿ. ನಾಗನ ವಿಷಯದಲ್ಲಿ ಇಲ್ಲ ಅನ್ನಲು ನಮ್ಮವರಿಗೆ ಧೈರ್ಯ ಸಾಲದು.

ಎಂಟೂ ಜನ ಇಳಿಯಬೇಡಿ. ಅಪ್ಪ, ಅಮ್ಮ, ನೀವು ಸಾಕು. ಅಣ್ಣ ಆ ದಿನ ಮಕ್ಕಳನ್ನು ಮಲ್ಪೆಯಿಂದ ದ್ವೀಪಕ್ಕೆ ಕರೆದುಕೊಂಡು ಹೋಗಲಿ. ಡಿಸೆಂಬರ್ ಆದದ್ದು ಒಳ್ಳೆಯದೇ. ನಾಗರಪಂಚಮಿಗೇ ಹೋಗಬೇಕು ಅಂತ ಅಪ್ಪ ಹಿಡಿದಿದ್ದರೆ ಮಳೆಗಾಲ, ದೋಣಿ ಬಂದ್. ಸಂಜೆ ಎಲ್ಲರೂ ಕಾಪು ಲೈಟ್‌ಹೌಸಿನ ಹತ್ತಿರ ಸೇರಿ. ಅದು 1901ರದ್ದು. ಅಪ್ಪ ಚಿಕ್ಕಂದಿನಲ್ಲಿ ಕಂಡದ್ದರಲ್ಲಿ ಹಾಗೇ ಉಳಿದಿರುವುದು ಅದೊಂದೇ ಇರಲೂಬಹುದು. ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿರಬಹುದು ಅಂತ ಅವರಿಗೆ ಈಗಲೇ ಹೇಳಿಡಿ.

ಬೆಳಿಗ್ಗೆ ಹೋಗಿ, ಊಟದ ಹೊತ್ತಿಗೆ ಮೊದಲು ಹೊರಡಿ. ಸ್ವೀಟ್ ಬಾಕ್ಸ್ ಬೇಡ. ಬನಕ್ಕೆ ಸೀಯಾಳ, ಹಾಲು, ಹಿಂಗಾರ (ಅಡಿಕೆಯ ಹೂಗೊಂಚಲು). ಮನೆಯ ಹಿರಿ ಹೆಂಗಸಿಗೆ ಒಂದು ಚೆಂಡು ಶಂಕರಪುರ ಮಲ್ಲಿಗೆ. ಬೆಲ್ಲ-ನೀರು ತಂದಿಟ್ಟರೆ ಒಂದು ಚೂರು ಬಾಯಿಗೆ ಹಾಕಿ ನೀರು ಕುಡಿಯಿರಿ, 'ಶುಗರ್ ಇದೆ' ಅಂತ ತಟ್ಟೆ ದೂಡಬೇಡಿ. ಚಾವಡಿಯಲ್ಲಿ ಅಪ್ಪನ ಜೊತೆ ಒಂದು ಫೋಟೊ ಕೇಳಿ ತೆಗೆಯಿರಿ. ಬಾವಿ, ತೋಟ, ಗಡಿಕಲ್ಲಿನ ಕಡೆಗೆ ಮೊಬೈಲ್ ತಿರುಗಿಸಿದಿರೋ, ಅಣ್ಣ ಹೇಳಿದ್ದೇ ನಿಜವಾಗುತ್ತದೆ.

ಇನ್ನು ಅಮ್ಮ. ಪತ್ರದಲ್ಲಿ ಅವರಿಗೆ ನೀವು ಕೊಟ್ಟದ್ದು ಒಂದೇ ಸಾಲು. ನೀವೂ ಅಣ್ಣನೂ ಇಷ್ಟು ತಲೆ ಕೆಡಿಸಿಕೊಂಡ ಕಾಪುವಿನ ಮನೆ ಅಳಿಯಕಟ್ಟಿನ ಲೆಕ್ಕದಲ್ಲಿ ನಿಮ್ಮದಲ್ಲವೇ ಅಲ್ಲ. ಅದು ಅಪ್ಪನದ್ದು. ನಿಮ್ಮ ಬರಿ, ನಿಮ್ಮ ಬನ ಇರುವುದು ಅಮ್ಮನ ಕಡೆಯಲ್ಲಿ, ಮುಲ್ಕಿಯಲ್ಲಿ. ಕಾಪುವಿನಿಂದ ಕಾರಿನಲ್ಲಿ ಅರ್ಧ ಗಂಟೆ. ಅಲ್ಲಿ ಜಗಳ ಇದ್ದ ಹಾಗೆ ಕಾಣುವುದಿಲ್ಲ, ಆದರೂ ನಿಮ್ಮ ಪಟ್ಟಿಯಲ್ಲಿ ಆ ಊರೇ ಇಲ್ಲ. ಅಮ್ಮ ಸುಮ್ಮನಿರುವುದು ಇದಕ್ಕೋ ಬೇರೆ ಯಾವುದಕ್ಕೋ, ನೀವೇ ಕೇಳಿ ನೋಡಿ. 'ಹೋಗೋಣ' ಅಂದರೆ ವಾಪಸ್ ಟಿಕೆಟನ್ನು ಒಂದು ದಿನ ಮುಂದೆ ಹಾಕಿ, ಅಣ್ಣನನ್ನೂ ಕರೆದುಕೊಂಡು ಹೋಗಿ. ಅಲ್ಲಿಯೂ ಪಾಲಿನ ಮಾತು ಎದ್ದರೆ ಮತ್ತೆ ಬರೆಯಿರಿ.