ಪ್ರತಿಕ್ರಿಯೆ: ಕೆಲಸ ಮಾಡಿ ಬಂದ ಮೇಷ್ಟ್ರ ಕ್ಲಾಸಾ, ಸಂಶೋಧಕರದ್ದಾ?

ಸ್ಟ್ರಕ್ಚರಲ್ ಡಿಸೈನ್ (ಕಟ್ಟಡ ಭಾರ ತಾಳುವಂತೆ ರೂಪಿಸುವ ವಿದ್ಯೆ) ವಿಷಯಕ್ಕೆ, ವರ್ಷಗಟ್ಟಲೆ ಕಟ್ಟಡ ವಿನ್ಯಾಸ ಮಾಡಿ ಬಂದ ಮೇಷ್ಟ್ರ ಕ್ಲಾಸ್ ಆರಿಸಿಕೊಳ್ಳಲಾ, ಸಂಶೋಧಕರಾದ ಮೇಷ್ಟ್ರದ್ದಾ ಎಂದು ಕೇಳಿದ್ದೀರಿ. ಈ ವಿಷಯಕ್ಕಾದರೆ ಕೆಲಸ ಮಾಡಿ ಬಂದವರದ್ದೇ ತಗೊಳ್ಳಿ.

ಪುಸ್ತಕದ ಲೆಕ್ಕದಲ್ಲಿ ಬೇಕಾದ ಅಂಕಿಗಳೆಲ್ಲ ಮೊದಲೇ ಕೊಟ್ಟಿರುತ್ತಾರೆ. ನಿಜವಾದ ಕೆಲಸದಲ್ಲಿ ಅರ್ಧ ಮಾಹಿತಿ ಇರುವುದಿಲ್ಲ, ಇರುವುದೂ ಮಧ್ಯದಲ್ಲಿ ಬದಲಾಗುತ್ತದೆ. 1981ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯ ಹೋಟೆಲೊಂದರಲ್ಲಿ ಚಾವಣಿಯಿಂದ ಒಂದರ ಕೆಳಗೊಂದು ತೂಗುಹಾಕಿದ್ದ ನಡಿಗೆದಾರಿಗಳು ಕುಸಿದು 114 ಜನ ಸತ್ತರು. ಮೇಲಿಂದ ಕೆಳಗಿನವರೆಗೆ ಒಂದೇ ಇರಬೇಕಿದ್ದ ಉಕ್ಕಿನ ಸರಳನ್ನು ಎರಡು ತುಂಡು ಮಾಡಿದ್ದರು. ಚಿಕ್ಕ ಬದಲಾವಣೆ, ಅಲ್ವಾ? ಆದರೆ ಕೆಳಗಿನ ದಾರಿ ಮೇಲಿನ ದಾರಿಗೇ ಜೋತುಬಿದ್ದಂತಾಗಿ, ಮೇಲಿನ ದಾರಿಯ ಜೋಡಣೆಯ ಮೇಲೆ ಭಾರ ಎರಡು ಪಟ್ಟಾಯಿತು. ಲೆಕ್ಕ ಎರಡನೇ ವರ್ಷದ ವಿದ್ಯಾರ್ಥಿಗೂ ಬರುತ್ತದೆ. ‘ಈ ಬದಲಾವಣೆಯನ್ನು ಯಾರು ಮತ್ತೆ ಲೆಕ್ಕ ಹಾಕಿದರು?’ ಎಂದು ಕೇಳುವ ಅಭ್ಯಾಸ ಮಾತ್ರ ನಕ್ಷೆಗೆ ಸಹಿ ಹಾಕಿ ಹೊಣೆ ಹೊತ್ತವರಿಂದ ಜಾಸ್ತಿ ಸಿಗುತ್ತದೆ.

ಒಂದು ಎಚ್ಚರಿಕೆ. ಕೆಲವರು ಸುಮ್ನೆ ಹಳೆಯ ಕತೆ ಹೇಳಿಯೇ ಗಂಟೆ ಕಳೆಯುತ್ತಾರೆ (ಅಂಥ ಒಬ್ಬರ ಕೈಗೆ ನಾನೂ ಸಿಕ್ಕಿದ್ದೆ). ಮೊದಲ ವಾರ ಕೂತು ನೋಡಿ. ಕತೆಯಿಂದ ಸೂತ್ರಕ್ಕೆ ವಾಪಸ್ ಬರುತ್ತಿದ್ದಾರಾ? ಹಾಗಿದ್ದರೆ ಅಲ್ಲೇ ಇರಿ. ಮುಂದೆ ಪಿಎಚ್‌ಡಿ ಮಾಡುವ ಆಸೆಯಿದ್ದರೆ ಮಾತ್ರ ಸಂಶೋಧಕರಾದ ಮೇಷ್ಟ್ರ ಬಳಿ ಒಂದು ಪ್ರಾಜೆಕ್ಟ್ ಕೇಳಿಕೊಳ್ಳಿ.