ಮತ್ತೆ ಹೊಲಿಗೆಗೆ ಕುಳಿತವರಿಗೆ: ಮಾವನವರ ಕುಪ್ಯ, ಮಗನ ಅಳತೆ

ಪ್ರಶ್ನೆ: ಮದುವೆಗೆ ಮೊದಲು ಟೈಲರಿಂಗ್ ಕಲಿತು ಮನೆಯವರಿಗೆಲ್ಲ ರವಿಕೆ, ಲಂಗ ಹೊಲಿದುಕೊಡುತ್ತಿದ್ದೆ. ತೋಟ, ಮಕ್ಕಳು ಎಂದು ಅದು ಬಿಟ್ಟೇಹೋಯಿತು. ಈಗ ಮತ್ತೆ ಮನಸ್ಸಾಗಿದೆ. ತುಳಿಯುವ ಹಳೆಯ ಯಂತ್ರದ ಚಕ್ರ ತಿರುಗುತ್ತಿಲ್ಲ. ಮಾವನವರ ಕಪ್ಪು ಕುಪ್ಯವನ್ನು (ಕೊಡವ ಗಂಡಸರ ಸಾಂಪ್ರದಾಯಿಕ ನಿಲುವಂಗಿ) ಹುತ್ತರಿ ಸುಗ್ಗಿ ಹಬ್ಬದೊಳಗೆ ಮಗನ ಅಳತೆಗೆ ತರಬೇಕು, ಹಳೆಯ ರೇಷ್ಮೆ ಸೀರೆಯಲ್ಲಿ ಮಗಳಿಗೆ ಲಂಗ ಹೊಲಿಯಬೇಕು ಎಂಬ ಆಸೆ. ಆದರೆ ಕತ್ತರಿ ಹಾಕಲು ಕೈ ಬರುತ್ತಿಲ್ಲ. ಎಲ್ಲಿಂದ ಆರಂಭಿಸಲಿ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಮೊದಲು ಯಂತ್ರದ ಕಡೆ ಗಮನ ಕೊಡಿ. ಚಕ್ರವನ್ನು ಬಲವಂತವಾಗಿ ತಿರುಗಿಸಬೇಡಿ. ಕೊಡಗಿನ ಮಳೆಗಾಲದ ತೇವಕ್ಕೆ ಹಳೆಯ ಎಣ್ಣೆಯೂ ದೂಳೂ ಸೇರಿ ಅಂಟಾಗಿರುತ್ತದೆ. ಎಣ್ಣೆ ಬಿಡುವ ತೂತುಗಳಿಗೆಲ್ಲ ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೆಯೇ ಇರಿಸಿ, ಮರುದಿನ ಒರೆಸಿ, ಹೊಲಿಗೆ ಯಂತ್ರಕ್ಕೆಂದೇ ಸಿಗುವ ತೆಳು ಎಣ್ಣೆಯನ್ನು ಹಾಕಿ, ದಾರವಿಲ್ಲದೆ ನಿಧಾನವಾಗಿ ತುಳಿಯಿರಿ. ಕೈಗೆ ಸಿಕ್ಕಿತೆಂದು ತೆಂಗಿನೆಣ್ಣೆಯನ್ನು ಮಾತ್ರ ಹಾಕಬೇಡಿ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ನಿಮ್ಮಲ್ಲಿ ಡಿಸೆಂಬರಿನ ಬೆಳಗ್ಗೆ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಯಂತ್ರದೊಳಗೂ ಗಟ್ಟಿಯಾಗುತ್ತದೆ. ಎಣ್ಣೆಯ ಕಲೆ ಬೀಳುವುದು ನಿಲ್ಲುವವರೆಗೆ ಹಳೆಯ ಬಟ್ಟೆಯ ಮೇಲೆ ಹೊಲಿಯಿರಿ. ಸೂಜಿಯನ್ನು ಹೊಸದಾಗಿ ಹಾಕಿ: ಸಾಧಾರಣ ಹತ್ತಿ ಬಟ್ಟೆಗೆ 14, ತೆಳು ರೇಷ್ಮೆಗೆ 11, ಜೀನ್ಸಿಗೆ 16ರ ಸೂಜಿ. ಸೂಜಿಯ ಉದ್ದ ಗೀರು ಯಾವ ಬದಿಗಿದೆಯೋ ಆ ಬದಿಯಿಂದಲೇ ದಾರ ಪೋಣಿಸಬೇಕು. ವರ್ಷಗಳ ಬಳಿಕ ಕುಳಿತವರಿಗೆ ಇದೊಂದು ಮರೆತಿರುತ್ತದೆ.

ಇನ್ನು ಕುಪ್ಯದ ಮಾತು. ನಿಮ್ಮ ಹಿಂಜರಿಕೆ ಸರಿಯಾದದ್ದೇ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಈ ಕೆಲಸಕ್ಕೆ ಕತ್ತರಿಯೇ ಬೇಕಾಗಿಲ್ಲ. ಹಿರಿಯರ ಉಡುಪನ್ನು ಕಿರಿಯರಿಗೆ ಸರಿಮಾಡುವಾಗ ಬಟ್ಟೆಯನ್ನು ಒಳಗೆ ಮಡಿಚಿ ಉಳಿಸಬೇಕೇ ಹೊರತು ಕತ್ತರಿಸಿ ತೆಗೆಯಬಾರದು. ಮಗ ಇನ್ನೂ ಬೆಳೆಯುತ್ತಾನೆ, ಮುಂದೆ ಮತ್ತೊಬ್ಬರೂ ಅದನ್ನು ತೊಡಬಹುದು. ಎರಡು ಪಕ್ಕದ ಹೊಲಿಗೆಗಳಲ್ಲಿ ಮುಂಭಾಗದಿಂದ ಅರ್ಧ ಇಂಚು, ಹಿಂಭಾಗದಿಂದ ಅರ್ಧ ಇಂಚು ಒಳಗೆ ತೆಗೆದುಕೊಂಡರೆ ಒಟ್ಟು ಸುತ್ತಳತೆಯಲ್ಲಿ 2 ಇಂಚು ಕಡಿಮೆಯಾಗುತ್ತದೆ. ಬಹುಪಾಲು ಇಷ್ಟೇ ಸಾಕಾಗುತ್ತದೆ. ಸೊಂಟದ ಸಡಿಲಿನ ಬಗ್ಗೆ ಚಿಂತಿಸಬೇಡಿ, ಸೊಂಟಕ್ಕೆ ಸುತ್ತುವ ಪಟ್ಟಿಯಾದ ಚೇಲೆ ಬಿಗಿದಾಗ ಅದು ತಾನಾಗಿ ಕೂಡಿಕೊಳ್ಳುತ್ತದೆ. ಆದ್ದರಿಂದ ಅಳತೆ ನೋಡುವಾಗ ಮಗ ಒಳಗೆ ತುಂಬುತೋಳಿನ ಬಿಳಿ ಅಂಗಿ ಹಾಕಿ, ಮೇಲೆ ಚೇಲೆ ಕಟ್ಟಿಕೊಂಡೇ ನಿಲ್ಲಲಿ. ಚೇಲೆ ಕಟ್ಟಿದಾಗ ಕುಪ್ಯ ಸ್ವಲ್ಪ ಮೇಲಕ್ಕೇರುವುದರಿಂದ ಕೆಳ ಅಂಚಿನ ಗುರುತನ್ನು ಆಮೇಲೆಯೇ ಹಾಕಬೇಕು. ಗುರುತು ಹಾಕಿದಲ್ಲಿ ಮೊದಲು ಬೇರೆ ಬಣ್ಣದ ದಾರದಿಂದ ಕಚ್ಚಾ ಹೊಲಿಗೆ ಹಾಕಿ, ಮತ್ತೊಮ್ಮೆ ತೊಡಿಸಿ, ಕೈ ಎತ್ತಿಸಿ, ಕಂಕುಳಲ್ಲಿ ಎಳೆಯುತ್ತದೆಯೇ ನೋಡಿ, ಅನಂತರ ಯಂತ್ರಕ್ಕೆ ಕೊಡಿ. ಕೆಳ ಅಂಚನ್ನು ಕೈಯಿಂದಲೇ ಹೆಮ್ಮಿಂಗ್ ಮಾಡುವುದು ಲೇಸು.

ಕಪ್ಪು ಬಟ್ಟೆಯಲ್ಲಿ ಕಪ್ಪು ಹೊಲಿಗೆ ಬಿಚ್ಚುವ ಕೆಲಸವನ್ನು ದೀಪದ ಬೆಳಕಿನಲ್ಲಿ ಮಾಡಬೇಡಿ. ಹಗಲು, ಕಿಟಕಿಯ ಬಳಿ ಕುಳಿತು, ನಾಲ್ಕೈದು ಹೊಲಿಗೆಗೊಮ್ಮೆ ದಾರ ಕತ್ತರಿಸಿ, ಮತ್ತೊಂದು ಬದಿಯಿಂದ ಎಳೆದರೆ ಬಟ್ಟೆಗೆ ನೋವಾಗದೆ ಬರುತ್ತದೆ. ಉಣ್ಣೆಯ ಬಟ್ಟೆಯಾದರೆ ಒದ್ದೆ ಅರಿವೆಯನ್ನು ಮೇಲೆ ಹಾಸಿ ಇಸ್ತ್ರಿ ಇಡಿ. ಹಳೆಯ ತೂತುಗಳು ಬಹುಮಟ್ಟಿಗೆ ಮುಚ್ಚುತ್ತವೆ, ಬಟ್ಟೆ ಮಿರುಗುವುದೂ ಇಲ್ಲ. ಭುಜವೇ ಒಂದು ಇಂಚಿಗಿಂತ ಹೆಚ್ಚು ಇಳಿಬಿದ್ದಿದ್ದರೆ ಮಾತ್ರ ಕುಪ್ಯ ಹೊಲಿದು ಪಳಗಿದ ದರ್ಜಿಗೆ ಒಪ್ಪಿಸಿ, ಏಕೆಂದರೆ ತೋಳು ಬಿಚ್ಚಿ ಮತ್ತೆ ಕೂಡಿಸುವುದು ಮೊದಲ ಕೆಲಸವಾಗಬಾರದು.

ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಆ ಗೆರೆಗಳಲ್ಲೇ ಸೀಳುತ್ತದೆ, ಆ ಭಾಗ ಬಿಟ್ಟು ಲಂಗದ ಬಟ್ಟೆ ತೆಗೆಯಿರಿ. ರೇಷ್ಮೆಯಲ್ಲಿ ಸೂಜಿಯ ತೂತು ಉಳಿದುಬಿಡುವುದರಿಂದ ಇಲ್ಲಿ ಬಿಚ್ಚಿ ಹೊಲಿಯುವ ಅವಕಾಶ ಕಡಿಮೆ. ಮೊದಲು ಅಗ್ಗದ ಹತ್ತಿ ಬಟ್ಟೆಯಲ್ಲಿ ಅದೇ ಅಳತೆಯ ಲಂಗ ಹೊಲಿದು ಮಗಳಿಗೆ ತೊಡಿಸಿ ನೋಡಿ. ಲೈನಿಂಗ್ ಬಟ್ಟೆಯನ್ನು ನೀರಲ್ಲಿ ನೆನೆಸಿ ಒಣಗಿಸಿಯೇ ಕತ್ತರಿಸಬೇಕು, ಇಲ್ಲವಾದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಮೇಲಿನ ರೇಷ್ಮೆಯನ್ನು ಮುದುರಿಸುತ್ತದೆ. ಆಷಾಢದ ಮಳೆಯಲ್ಲಿ ಒಣಗದಿದ್ದರೆ ಅರೆ ಒದ್ದೆಯಿರುವಾಗಲೇ ಇಸ್ತ್ರಿ ಹಾಕಿ ಆರಿಸಿ.

ಪ್ರಶ್ನೆ: ಮಕ್ಕಳ ಟೀ ಶರ್ಟ್ ಚಿಕ್ಕದು ಮಾಡುವಾಗ ನಡುನಡುವೆ ಹೊಲಿಗೆ ಬೀಳುವುದೇ ಇಲ್ಲ. ಯಂತ್ರ ಕೆಟ್ಟಿದೆಯೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಬೇರೆ ಬಟ್ಟೆಯಲ್ಲಿ ಹೊಲಿಗೆ ಸರಿಯಾಗಿ ಬೀಳುತ್ತಿದ್ದರೆ ಯಂತ್ರದ ದೋಷವಲ್ಲ. ಟೀ ಶರ್ಟಿನಂಥ ಹೆಣೆದ ಬಟ್ಟೆಗೆ ತುದಿ ದುಂಡಗಿರುವ ಬಾಲ್ ಪಾಯಿಂಟ್ ಸೂಜಿ ಬೇಕು. ಬಟ್ಟೆಯನ್ನು ಹಿಂದಿನಿಂದ ಎಳೆಯದೆ ಹೊಲಿಯಿರಿ. ಆದರೂ ನೇರ ಹೊಲಿಗೆಯು ಬಟ್ಟೆಯಷ್ಟು ಹಿಗ್ಗದೆ ತೊಡುವಾಗ ಕಡಿಯಬಹುದು. ಪಕ್ಕದ ಹೊಲಿಗೆಗಳನ್ನು ಪೇಟೆಯ ಅಂಗಡಿಯಲ್ಲಿ ಓವರ್‌ಲಾಕ್ (ಅಂಚನ್ನು ಸುತ್ತಿ ಹಾಕುವ, ಹಿಗ್ಗುವ ಹೊಲಿಗೆ) ಮಾಡಿಸಿ, ಕೆಳ ಅಂಚನ್ನಷ್ಟೇ ಮನೆಯಲ್ಲಿ ಮಡಿಚಿ ಹೊಲಿಯಿರಿ.