ಸಿಮ್ಯುಲೇಟರ್ ಪ್ರಶ್ನೋತ್ತರ: ಮೊದಲು ಕೂರುವ ಜಾಗ ಗಟ್ಟಿಯಾಗಲಿ

ಪ್ರಶ್ನೆ: ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟಕ್ಕೆಂದು ಲಾಜಿಟೆಕ್ ಜಿ29 ಸ್ಟೀರಿಂಗ್ ಕೊಂಡಿದ್ದೇನೆ. ಓದುವ ಮೇಜಿಗೆ ಬಿಗಿದರೆ ತಿರುವಿನಲ್ಲಿ ಮೇಜೇ ಅಲುಗಾಡುತ್ತದೆ. ಬ್ರೇಕ್ ತುಳಿದರೆ ಪೆಡಲ್ ಟೈಲ್ಸ್ ಮೇಲೆ ಜಾರುತ್ತದೆ, ಚಕ್ರದ ಕುರ್ಚಿ ಹಿಂದಕ್ಕೆ ಉರುಳುತ್ತದೆ. ಕಾರು, ವಿಮಾನ ಎರಡಕ್ಕೂ ಆಗುವಂಥ ಚೌಕಟ್ಟನ್ನು ಹತ್ತು ಸಾವಿರ ರೂಪಾಯಿಯೊಳಗೆ ಮಾಡಿಕೊಳ್ಳಬಹುದೇ?
(ಓದುಗರು, ದಾವಣಗೆರೆ)

ಉತ್ತರ: ಮಾಡಿಕೊಳ್ಳಬಹುದು, ಮರದಲ್ಲೇ ಸಾಕು. ಪೆಡಲನ್ನು ಎಷ್ಟು ಬಲವಾಗಿ ಮುಂದಕ್ಕೆ ತುಳಿಯುತ್ತೀರೋ ಅಷ್ಟೇ ಬಲವಾಗಿ ನಿಮ್ಮ ಬೆನ್ನು ಸೀಟನ್ನು ಹಿಂದಕ್ಕೆ ನೂಕುತ್ತದೆ. ಸೀಟು ಮತ್ತು ಪೆಡಲ್ ಒಂದೇ ಅಡಿಪಟ್ಟಿಯ ಮೇಲೆ ಕೂತರೆ ಆ ಎರಡೂ ಬಲ ಪಟ್ಟಿಯೊಳಗೇ ತೀರಿಹೋಗುತ್ತವೆ. ನೆಲ ಎಷ್ಟೇ ನುಣುಪಾಗಿದ್ದರೂ ಚಿಂತೆಯಿಲ್ಲ.

ಬೇಕಾಗುವುದು ಇಷ್ಟು: 3×2 ಇಂಚಿನ ಮರದ ಪಟ್ಟಿ, ನಾಲ್ಕೂವರೆ ಅಡಿಯವು ಎರಡು; ಅಡ್ಡಕ್ಕೆ 20 ಇಂಚಿನವು ಮೂರು. 18 ಮಿ.ಮೀ. ಪ್ಲೈವುಡ್ ಅರ್ಧ ಹಾಳೆ, ಅಂದರೆ 4×4 ಅಡಿ. ಅದರಲ್ಲಿ ಸ್ಟೀರಿಂಗ್ ಹೊರುವ ಎರಡು ಪಕ್ಕದ ಹಲಗೆ (12×28 ಇಂಚು), ಮೇಲಿನ ತಟ್ಟೆ (20×12), ಪೆಡಲ್ ಹಲಗೆ (20×14), ಜಾಯ್‌ಸ್ಟಿಕ್‌ಗೆ ಎರಡು ಪಕ್ಕದ ತಟ್ಟೆ, ಉಳಿದದ್ದರಲ್ಲಿ ಮೂಲೆಗೆ ಕೊಡುವ ತ್ರಿಕೋನಗಳು ಬರುತ್ತವೆ. ಆ ತ್ರಿಕೋನಗಳನ್ನು ಬಿಡಬೇಡಿ. ಅವಿಲ್ಲದಿದ್ದರೆ ಹಲಗೆಗಳು ಹಿಂದೆ ಮುಂದೆ ತೂಗಾಡುತ್ತವೆ. ಭಾರ ಹೊರುವ ಕಡೆಯೆಲ್ಲ ಮರದ ಸ್ಕ್ರೂ ಬೇಡ, 8 ಮಿ.ಮೀ. ಬೋಲ್ಟ್, ಎರಡೂ ಕಡೆ ಅಗಲ ವಾಷರ್ ಹಾಕಿ. ಸ್ಟೀರಿಂಗಿನ ಅದುರಾಟಕ್ಕೆ ಸ್ಕ್ರೂಗಳು ದಿನೇ ದಿನೇ ಸಡಿಲವಾಗುತ್ತವೆ. ಸ್ಟೀರಿಂಗ್‌ಗೆ ನಡುವೆ ಒಂದೇ ಕಂಬ ಕೊಟ್ಟರೆ ಮರ ಉಳಿಯುತ್ತದೆ, ಆದರೆ ಕ್ಲಚ್ ತುಳಿಯುವ ಮೊಣಕಾಲಿಗೆ ಅದು ತಾಗುತ್ತಲೇ ಇರುತ್ತದೆ. ಹಾಗಾಗಿ ಎರಡು ಪಕ್ಕದ ಹಲಗೆಯೇ ಸರಿ.

ಸೀಟಿಗೆ ಗುಜರಿಯಲ್ಲಿ ಮಾರುತಿ 800ರಂಥ ಹಳೇ ಕಾರಿನ ಮುಂದಿನ ಸೀಟನ್ನು ಜಾರುಹಳಿಯ ಸಮೇತ ತನ್ನಿ. ಮಗ್ಗುಲಲ್ಲಿ ಏರ್‌ಬ್ಯಾಗ್ ಇರುವ ಸೀಟು ಮಾತ್ರ ಮುಟ್ಟಬೇಡಿ. ಅದರ ತಂತಿಗೆ ಮಲ್ಟಿಮೀಟರ್ ಹಿಡಿಯುವುದೂ ಅಪಾಯ.

ತೂತು ಕೊರೆಯುವ ಮೊದಲು ಎಲ್ಲವನ್ನೂ ನೆಲದ ಮೇಲೆ ಇಟ್ಟು ಕೂತು ನೋಡಿ. ಬೆನ್ನು ಸೀಟಿಗೆ ಒರಗಿದ್ದಾಗ, ನೀಡಿದ ಕೈಯ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿನ ಮೇಲೆ ಬರಬೇಕು. ಬ್ರೇಕ್ ಪೂರ್ತಿ ತುಳಿದಾಗಲೂ ಮೊಣಕಾಲು ಸ್ವಲ್ಪ ಮಡಿಚಿರಬೇಕು. ನಾನು ಕೊಟ್ಟ ಅಳತೆಗಿಂತ ನಿಮ್ಮ ಮೈಯ ಈ ಅಳತೆ ಮುಖ್ಯ. ಜಿ29ರ ಅಡಿಯಲ್ಲಿ 6 ಮಿ.ಮೀ. ಬೋಲ್ಟಿಗೆ ತೂತುಗಳಿವೆ. ತಟ್ಟೆಯ ದಪ್ಪ ಕಳೆದು 10 ಮಿ.ಮೀ.ಗಿಂತ ಹೆಚ್ಚು ಬೋಲ್ಟ್ ಒಳಹೋಗದಿರಲಿ.

ವಿಮಾನಕ್ಕೆ ಪಕ್ಕದ ತಟ್ಟೆಗಳು ಮೊಣಕೈ ಎತ್ತರದಲ್ಲಿದ್ದರೆ ಸಾಕು. ಏರ್‌ಬಸ್‌ನಲ್ಲಿ ಕ್ಯಾಪ್ಟನ್ ಸ್ಟಿಕ್ ಹಿಡಿಯುವುದು ಎಡಗೈಯಲ್ಲಿ, ಥ್ರಾಟಲ್ (ಎಂಜಿನ್ ಬಲ ಏರಿಳಿಸುವ ಹಿಡಿ) ಬಲಗೈಗೆ. ಅದೇ ಅಭ್ಯಾಸ ಬೇಕಿದ್ದರೆ ಎರಡೂ ಕೈಗೆ ಒಗ್ಗುವ ಜಾಯ್‌ಸ್ಟಿಕ್ಕನ್ನೇ ಆರಿಸಿ.

ಪ್ರಶ್ನೆ: ಬ್ರೇಕ್ ಪೆಡಲ್‌ಗೆ ಲೋಡ್ ಸೆಲ್ (ಒತ್ತಡ ಅಳೆಯುವ ಸೆನ್ಸರ್) ಹಾಕಿದೆ, ಎಚ್‌ಎಕ್ಸ್711 ಬೋರ್ಡ್ (ಸೆಲ್ಲಿನ ಸಂಕೇತವನ್ನು ಅಂಕೆಯಾಗಿಸುವುದು) ಮತ್ತು ಆರ್ಡುಯಿನೊ ಪ್ರೊ ಮೈಕ್ರೊ (ಅದನ್ನು ಕಂಪ್ಯೂಟರಿಗೆ ಕಳಿಸುವ ಪುಟ್ಟ ಬೋರ್ಡ್) ಬಳಸಿದ್ದೇನೆ. ಕೆಲಸ ಮಾಡುತ್ತದೆ, ಆದರೆ ಬ್ರೇಕ್ ತಡವಾಗಿ ಹಿಡಿದಂತೆ ಅನಿಸುತ್ತದೆ.
(ಓದುಗರು, ಹುಬ್ಬಳ್ಳಿ)

ಉತ್ತರ: ನಿಮ್ಮ ಅನಿಸಿಕೆ ಸರಿಯಾಗಿದೆ. ಅಗ್ಗದ ಎಚ್‌ಎಕ್ಸ್711 ಬೋರ್ಡುಗಳಲ್ಲಿ ವೇಗ ನಿರ್ಧರಿಸುವ 15ನೇ ಪಿನ್ನನ್ನು ಸಾಮಾನ್ಯವಾಗಿ ಗ್ರೌಂಡಿಗೆ ಸೇರಿಸಿರುತ್ತಾರೆ. ಆಗ ಚಿಪ್ ಸೆಕೆಂಡಿಗೆ 10 ಸಲ ಮಾತ್ರ ಅಳೆಯುತ್ತದೆ. ಗಂಟೆಗೆ 180 ಕಿ.ಮೀ. ವೇಗದ ಕಾರು ಎರಡು ಅಳತೆಗಳ ನಡುವೆ 5 ಮೀಟರ್ ಓಡಿರುತ್ತದೆ! ಸೂಜಿಯಿಂದ ಆ ಪಿನ್ನನ್ನು ಮೆಲ್ಲಗೆ ಬೋರ್ಡಿನಿಂದ ಎಬ್ಬಿಸಿ, ಪಕ್ಕದ 16ನೇ ಪಿನ್ನಿಗೆ ಬೆಸೆಯಿರಿ. ಅದು ವಿದ್ಯುತ್ ಪೂರೈಕೆಯ ಪಿನ್. ಅಳತೆ ಸೆಕೆಂಡಿಗೆ 80ಕ್ಕೆ ಏರುತ್ತದೆ. ಪಿನ್ ಎಬ್ಬಿಸದೆ ಬೆಸೆದರೆ ವಿದ್ಯುತ್ ನೇರವಾಗಿ ಗ್ರೌಂಡಿಗೆ ಶಾರ್ಟ್ ಆಗುತ್ತದೆ, ಎಚ್ಚರ.

ಸೆಲ್ಲಿನ ಸಾಮರ್ಥ್ಯವನ್ನೂ ಒಮ್ಮೆ ಲೆಕ್ಕ ಹಾಕಿ. ಪಾದ ಒತ್ತುವ ಜಾಗ ಕೀಲಿನಿಂದ 20 ಸೆಂ.ಮೀ., ಸೆಲ್ 5 ಸೆಂ.ಮೀ. ದೂರದಲ್ಲಿದ್ದರೆ, ಪಾದದ 15 ಕಿಲೊ ಸೆಲ್ಲಿನ ಮೇಲೆ 60 ಕಿಲೊ ಆಗುತ್ತದೆ. 20 ಕಿಲೊ ಸೆಲ್ ಅದಕ್ಕೆ ಬಾಗಿಬಿಡುತ್ತದೆ. 100 ಕಿಲೊದ್ದು ಹಾಕಿ. ಸೆಲ್ ಮುಂದೆ ದ್ವಿಚಕ್ರ ವಾಹನದ ಗಟ್ಟಿ ರಬ್ಬರ್ ಬುಷ್ ಒಂದಿರಲಿ, ಇಲ್ಲದಿದ್ದರೆ ಗೋಡೆ ತುಳಿದಂತಿರುತ್ತದೆ. ಹೆಚ್ಚು ಖರ್ಚಿಲ್ಲದೆ ಲ್ಯಾಪ್ ಸಮಯ ಸುಧಾರಿಸುವ ಬದಲಾವಣೆ ಇದೇ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಾಲು ದೂರವನ್ನು ಮರೆತರೂ ಒತ್ತಡವನ್ನು ನೆನಪಿಟ್ಟುಕೊಳ್ಳುತ್ತದೆ.

ಪ್ರಶ್ನೆ: ವಿಮಾನವನ್ನು ಎಡಬಲಕ್ಕೆ ಹೊರಳಿಸುವ ರಡ್ಡರ್ ಪೆಡಲ್ ನಾನೇ ಮಾಡಿದೆ. ಅದು ಎಷ್ಟು ತಿರುಗಿತೆಂದು ಅಳೆಯುವ ಪೊಟೆನ್ಷಿಯೊಮೀಟರ್ ಹೊಸದು, ಆದರೂ ವಿಮಾನದ ಮೂಗು ಮೆಟ್ಟಿಲು ಮೆಟ್ಟಿಲಾಗಿ ಹೊರಳುತ್ತದೆ.
(ಓದುಗರು, ಮೈಸೂರು)

ಉತ್ತರ: ಪೊಟೆನ್ಷಿಯೊಮೀಟರ್ ಸುಮಾರು 300 ಡಿಗ್ರಿ ತಿರುಗುತ್ತದೆ, ನಿಮ್ಮ ಪೆಡಲ್ ಬಹುಶಃ 40 ಡಿಗ್ರಿ. ಪ್ರೊ ಮೈಕ್ರೊದಂಥ ಬೋರ್ಡು ಪೂರ್ತಿ ತಿರುಗಾಟವನ್ನು 1024 ಹಂತಗಳಾಗಿ ಅಳೆಯುತ್ತದೆ; ಅದರಲ್ಲಿ ನಿಮಗೆ ದಕ್ಕುವುದು 136 ಮಾತ್ರ. ಗಿಯರ್ ಕೊಟ್ಟು ಹೆಚ್ಚು ತಿರುಗುವಂತೆ ಮಾಡಿ, ಇಲ್ಲವೇ ಅಯಸ್ಕಾಂತದ ಬಲವನ್ನು ಅಳೆಯುವ 49ಇ ಹಾಲ್ (Hall) ಸೆನ್ಸರ್‌ಗೆ ಬದಲಾಯಿಸಿ. 5 ವೋಲ್ಟ್ ಕೊಟ್ಟಾಗ ಅದು ನಡುವಿನಲ್ಲಿ 2.5 ವೋಲ್ಟ್ ತೋರಿಸಬೇಕು. ಸೆನ್ಸರಿನ ಎರಡೂ ಬದಿ ಅಯಸ್ಕಾಂತವಿಟ್ಟು ತಿರುಗಿಸಿದರೆ ಅಳತೆ ಹೆಚ್ಚು ಸಮನಾಗಿ ಏರುತ್ತದೆ. ಸವೆಯುವ ಭಾಗವೇ ಇಲ್ಲದ್ದರಿಂದ ದೂಳಿನ ಕಾಟವೂ ತಪ್ಪುತ್ತದೆ. ಪೊಟೆನ್ಷಿಯೊಮೀಟರನ್ನೇ ಉಳಿಸಿಕೊಳ್ಳುವುದಾದರೆ ಮೈಮೇಲಿನ ಗುರುತು ಓದಿ: ಬಿ10ಕೆ ಎಂದಿರಬೇಕು. ಎ10ಕೆ ಧ್ವನಿ ಏರಿಳಿಸಲು ಮಾಡಿದ್ದು; ಚಲನೆಯೆಲ್ಲ ಒಂದು ತುದಿಯಲ್ಲೇ ಗುಂಪುಗೂಡುತ್ತದೆ.

ಪ್ರಶ್ನೆ: 27 ಇಂಚಿನ ಒಂದೇ ಮಾನಿಟರ್ ಇದೆ. ತಿರುವು ಎಷ್ಟು ದೂರವಿದೆ ಎಂದು ಅಂದಾಜೇ ಸಿಗುವುದಿಲ್ಲ.
(ಓದುಗರು, ಉಡುಪಿ)

ಉತ್ತರ: ಮಾನಿಟರನ್ನು ಸ್ಟೀರಿಂಗಿನ ಹಿಂದೆ ಆದಷ್ಟು ಹತ್ತಿರ ತನ್ನಿ. ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿದ್ದರೆ ಸರಿಯಾದ ನೋಟಕೋನ (ಆಟದ ದೃಶ್ಯ ಪರದೆಯಲ್ಲಿ ಎಷ್ಟು ಅಗಲಕ್ಕೆ ಕಾಣಬೇಕೆಂಬ ಅಳತೆ) ಲಂಬವಾಗಿ ಸುಮಾರು 31 ಡಿಗ್ರಿ, ಅಡ್ಡಲಾಗಿ ಸುಮಾರು 53. ಅಸೆಟ್ಟೊ ಕೊರ್ಸಾ ಎಂಬ ಕಾರು ಓಟದ ಆಟ ಕೇಳುವುದು ಲಂಬಕೋನ, ಹಾಗಾಗಿ ಅಲ್ಲಿ 31 ಕೊಡಿ. ಮೊದಲ ದಿನ ಕಿಂಡಿಯಲ್ಲಿ ನೋಡಿದಂತೆ ಇಕ್ಕಟ್ಟೆನಿಸುತ್ತದೆ, ಪಕ್ಕದ ಕನ್ನಡಿ ಕಾಣಿಸದು. ಆದರೆ ದೂರದ ಅಂದಾಜು ಕೂಡಲೇ ಸಿಗುತ್ತದೆ. ವಿಮಾನದಲ್ಲಿ ಮೀಟರುಗಳೆಲ್ಲ ಕಾಣಬೇಕಾದ್ದರಿಂದ ಕೋನ ಅಗಲವಿರಲಿ. ತಲೆ ತಿರುಗಿಸಿದಂತೆ ನೋಟ ತಿರುಗಲು ಓಪನ್‌ಟ್ರ್ಯಾಕ್ ಎಂಬ ಉಚಿತ ತಂತ್ರಾಂಶವಿದೆ. ಅದರ ನ್ಯೂರಲ್‌ನೆಟ್ ಆಯ್ಕೆಗೆ ಸಾಧಾರಣ ವೆಬ್‌ಕ್ಯಾಮ್ ಸಾಕು, ಮುಖದ ಮೇಲೆ ಬೆಳಕು ಮಾತ್ರ ಎದುರಿನಿಂದ ಬೀಳಬೇಕು.